ಮಾವನವರ ಲಾಭ, ಮಲೆಯ ಆಕ್ಸಲ್

ನಮ್ಮ ಪಿಕಪ್ ವ್ಯಾನಿನ ಹಿಂದಿನ ಆಕ್ಸಲ್ ಮುರಿದದ್ದು ಕೋತಗಿರಿ ದಾರಿಯ ಒಂದು ತಿರುವಿನಲ್ಲಿ. ಆಲೂಗಡ್ಡೆ ಮೂಟೆಗಳ ಸಮೇತ ವ್ಯಾನು ಕಣಿವೆಯ ಕಡೆಗಲ್ಲ, ಬೆಟ್ಟದ ಕಡೆಗೆ ಒರಗಿ ನಿಂತಿತಂತೆ. ಯಜಮಾನರು ಅಷ್ಟು ಮಾತ್ರ ಹೇಳಿ ಕೈಕಾಲು ತೊಳೆಯಲು ಹೋದರು. ಒಗೆಯಲು ತೆಗೆದುಕೊಂಡ ಅವರ ಅಂಗಿಯ ಜೇಬಿನಲ್ಲಿ ಆಕ್ಸಲ್ಲಿನ ಗೇರ್ ಚಕ್ರದ ಮುರಿದ ಹಲ್ಲೊಂದು ಸಿಕ್ಕಿತು. ಮುರಿದ ಕಡೆ ಅದು ಕಲ್ಲುಸಕ್ಕರೆಯ ಹಾಗೆ ಹೊಳೆಯುತ್ತಿತ್ತು.

ಐವತ್ತರ ದಶಕದ ಮಾತು ಇದು. ನಾವು ಕೊಯಮತ್ತೂರಿನಲ್ಲಿದ್ದೆವು, ನಾನು ಮದುವೆಯಾಗಿ ಬಂದ ಹೊಸತು. ಯಜಮಾನರು ಮಿಲ್ಲಿನ ಗುಮಾಸ್ತೆ ಕೆಲಸ ಬಿಟ್ಟು, ಯುದ್ಧಕಾಲದ ಮಿಲಿಟರಿ ವ್ಯಾನೊಂದನ್ನು ಕೊಂಡಿದ್ದರು. ಮೆಟ್ಟುಪಾಳ್ಯದ ಮಂಡಿಯವರು ಒಂದು ಮಾತು ಕೊಟ್ಟಿದ್ದರು: ಮುಂದಿನ ಸಂತೆಯೊಳಗೆ ತುಂಬಿದ ಲೋಡಿನಲ್ಲಿ ಮಲೆ ಹತ್ತಿ ಇಳಿದು ತೋರಿಸಿದರೆ ಕೆಲಸ ಕಾಯಂ, ಮೇಲಕ್ಕೆ ಅಕ್ಕಿ, ಕೆಳಕ್ಕೆ ಆಲೂಗಡ್ಡೆ. ಇಲ್ಲದಿದ್ದರೆ ಬೇರೆ ವ್ಯಾನಿನವರಿಗೆ. ಮಿಲ್ಲಿನಲ್ಲಿ ಅವರ ಹಳೆಯ ಕುರ್ಚಿ ಇನ್ನೂ ಖಾಲಿ ಇದೆಯೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಅದರ ಸುದ್ದಿ ಎತ್ತುತ್ತಿರಲಿಲ್ಲ.

ವ್ಯಾನು ರಿಪೇರಿಯ ಮೇಸ್ತ್ರಿ ಹಳೆ ಕಬ್ಬಿಣದ ಅಂಗಡಿಯಿಂದ ಒಂದು ಆಕ್ಸಲ್ ಹುಡುಕಿ, ಎತ್ತಿನ ಗಾಡಿಯಲ್ಲಿ ತಂದು ನಮ್ಮ ಮನೆಯ ಮುಂದಿನ ಬೇವಿನ ಮರದಡಿ ಇಳಿಸಿದ.

“ಏನುಂಗ, ಮಲೆಯಾ, ರೋಡಾ?” ಎಂದು ಯಜಮಾನರನ್ನು ಕೊಯಮತ್ತೂರಿನ ತಮಿಳು ಮರ್ಯಾದೆಯಲ್ಲಿ ಕೇಳಿದ.

ತಿರುಪ್ಪೂರಿನ ನೇರ ರಸ್ತೆಯಲ್ಲಿ ಹತ್ತಿಯ ಲೋಡು ಹೊಡೆಯುವುದಾದರೆ ಓಡುವ ಆಕ್ಸಲ್ ಬೇಕು, ಮಲೆಗಾದರೆ ಎಳೆಯುವ ಆಕ್ಸಲ್. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಯಜಮಾನರು ನನಗೆ ಅದನ್ನು ವಿವರಿಸಿದ್ದು ಸಿರುಮುಗೈಯ ಅವರ ಹಳೆ ಮನೆಯಲ್ಲಿದ್ದ ನೂಲು ಸುತ್ತುವ ರಾಟೆಯ ನೆಪದಲ್ಲಿ. ದೊಡ್ಡ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಸಣ್ಣ ಕದಿರು ಎಷ್ಟೋ ಸುತ್ತು ಬರುತ್ತದಲ್ಲ, ಹಾಗೆ ವ್ಯಾನಿನ ಚಕ್ರ ಒಂದು ಸುತ್ತು ಬರಲು ಎಂಜಿನ್ನಿನ ಕಡೆಯ ಶಾಫ್ಟ್ ಎಷ್ಟು ಸುತ್ತು ಬರಬೇಕು ಎಂಬುದೇ ಲೆಕ್ಕ. ಸುತ್ತು ಹೆಚ್ಚಾದಷ್ಟೂ ಬಲ ಹೆಚ್ಚು, ಓಟ ಕಡಿಮೆ.

“ಇದು ಐದು ಸುತ್ತಿಗೆ ಚೂರು ಕಮ್ಮಿ. ನಾನೇ ತಿರುಗಿಸಿ ನೋಡಿದೆ, ಮಲೆಗೆ ಸಾಕು,” ಎಂದ ಮೇಸ್ತ್ರಿ.

ಎಲ್ಲರೂ ಹತ್ತುವುದರ ಬಗ್ಗೆಯೇ ಮಾತಾಡುತ್ತಿದ್ದರು. ನನಗೆ ಭಯವಿದ್ದದ್ದು ಇಳಿಯುವುದರ ಬಗ್ಗೆ. ಕೂನೂರಿನ ಕಾನ್ವೆಂಟಿನಲ್ಲಿ ಓದುವಾಗ, ರಜಕ್ಕೆ ಬಸ್ಸು ಮಲೆ ಇಳಿಯತೊಡಗಿದರೆ ಎಂಜಿನ್ನು ಹುಲಿಯಂತೆ ಗುರುಗುಟ್ಟುತ್ತಿತ್ತು. ಪಕ್ಕದಲ್ಲಿ ಜಪಮಾಲೆಯ ಮಣಿ ಸರಿಸುತ್ತಿದ್ದ ಸಿಸ್ಟರ್, “ಹೆದರಬೇಡ, ಆ ಗುರುಗುಟ್ಟೋದೇ ನಮ್ಮನ್ನ ಹಿಡ್ಕೊಂಡಿರೋದು. ಅದು ಸುಮ್ಮನಾದರೆ ಹೆದರು,” ಎನ್ನುತ್ತಿದ್ದರು. ಎಳೆಯುವ ಆಕ್ಸಲ್ ಇಳಿಜಾರಿನಲ್ಲಿ ವ್ಯಾನನ್ನು ಹಿಡಿದುಕೊಳ್ಳುತ್ತದೆ ಕೂಡ ಎಂದು ಯಜಮಾನರು ಹೇಳಿದಾಗ ನನಗೆ ಆ ದನಿ ನೆನಪಾಯಿತು.

ಮಾರನೆಯ ದಿನ ಅಂಗಡಿಯವನು ಇನ್ನೊಂದು ಆಕ್ಸಲ್ ಕಳಿಸಿದ. ನೋಡಲು ಇದು ಹೊಸತರಂತಿತ್ತು, ಮೊದಲಿನದರ ಹಾಗೆ ಎಣ್ಣೆ ಸೋರುತ್ತಿರಲಿಲ್ಲ. ಮೇಸ್ತ್ರಿ ಊಟಕ್ಕೆ ಹೋಗಿದ್ದ. ಯಜಮಾನರಿಗೆ ತಡೆಯಲಾಗಲಿಲ್ಲ. ಅದನ್ನು ಇಟ್ಟಿಗೆಗಳ ಮೇಲೆ ಕೂರಿಸಿ, ಶಾಫ್ಟ್ ಬಂದು ಸೇರುವ ಮೂತಿಗೆ ಕೆಂಪು ದಾರ ಕಟ್ಟಿದರು. ಚಕ್ರ ಕೂರುವ ಎರಡು ಕಡೆಯ ಡ್ರಮ್ಮುಗಳನ್ನೂ ಒಟ್ಟಿಗೆ ಒಂದೇ ಒಂದು ಸುತ್ತು ತಿರುಗಿಸಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಇನ್ನೊಂದು ಕಡೆಗೆ ಯಾರು?

“ದಿನಾ ರುಬ್ಬೋ ಕಲ್ಲು ತಿರುಗ್ಸೋಳಿಗೆ ಇದೇನು ದೊಡ್ಡದಾ? ತಳ್ಳು ಆ ಕಡೆ,” ಎಂದು ಅತ್ತೆ ಸೆರಗು ಸಿಕ್ಕಿಸಿ ಕೂತೇಬಿಟ್ಟರು.

“ಮೆಲ್ಲಗಮ್ಮಾ, ಇದು ಇಡ್ಲಿ ಹಿಟ್ಟಲ್ಲ!”

“ನೀನು ನಿನ್ನ ಕಡೆ ನೋಡ್ಕೋಪ್ಪಾ.”

ಎಣಿಸುವ ಜವಾಬ್ದಾರಿ ಮಾವನವರದು. ಕುರ್ಚಿ ಹಾಕಿಸಿಕೊಂಡು ದಾರದ ಎದುರಿಗೆ ಕೂತರು. ನಾನು ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ. ದಾರ ಸುತ್ತಿ ಮೇಲೆ ಬಂದಾಗೆಲ್ಲ ಒಂದೊಂದು ಬೀಜ ಪಕ್ಕಕ್ಕಿಡುತ್ತಾ ಹೋದೆ. ಸಿಸ್ಟರ್ ಮಣಿ ಸರಿಸುತ್ತಿದ್ದ ಹಾಗೆ, ಕೈಗೆ ಬಂದ ಚಾಳಿ.

“ಲಾಭ,” ಎಂದು ಮಾವನವರು ಶುರುಮಾಡಿದರು. “ಎರಡು... ಮೂರು... ನಾಲ್ಕು... ಐದು. ಐದೂ ಚಿಲ್ಲರೆ!”

“ಐದಕ್ಕೂ ಮೇಲಾ? ಹಾಗಾದ್ರೆ ಇದೇ ಬಲ ಜಾಸ್ತಿ. ಇದನ್ನೇ ಹಾಕ್ಸೋಣ, ಮೊದಲಿಂದು ವಾಪಸ್ ಹೋಗ್ಲಿ,” ಎಂದು ಯಜಮಾನರು ಎದ್ದು ನಿಂತರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡೆ.

ನನ್ನ ಮುಂದೆ ಬೀಜ ನಾಲ್ಕೇ ಇದ್ದವು.

ಮಾವನವರ ಎದುರು ನಿಂತು ತಪ್ಪೆನ್ನುವ ಕಾಲವಲ್ಲ ಅದು. ಕೈ ತೊಳೆಯಲು ಬಂದ ಅತ್ತೆಗೆ ಚೊಂಬಿನಲ್ಲಿ ನೀರು ಹೊಯ್ಯುತ್ತಾ ಕೇಳಿದೆ.

“ಅತ್ತೆ, ಮಾವ ಒಂದು ಅನ್ನದೆ ಲಾಭ ಅಂದ್ರಲ್ಲ?”

“ಇದೂ ಗೊತ್ತಿಲ್ವಾ? ಕಾನ್ವೆಂಟಲ್ಲಿ ಏನು ಕಲಿಸಿದ್ರು ನಿಂಗೆ? ಭತ್ತ ಅಳೆಯೋವಾಗ ಮೊದಲನೆ ಪಡಿಗೆ ಒಂದು ಅನ್ನೋದಿಲ್ಲ, ಲಾಭ ಅಂತಾರೆ.”

“ಪಡಿ ಚೀಲಕ್ಕೆ ಬಿದ್ದ ಮೇಲೆ ಅಂತಾರಾ, ಬೀಳೋಕ್ಕೆ ಮುಂಚೇನಾ?”

“ಬಿದ್ದ ಮೇಲೇನೆ. ಯಾಕೆ?”

“ದಾರ ಅಲ್ಲಾಡೋಕ್ಕೆ ಮುಂಚೆನೇ ಮಾವ ಲಾಭ ಅಂದ್ರು, ಅತ್ತೆ.”

ಅತ್ತೆಯ ಒದ್ದೆ ಕೈ ಹಾಗೇ ನಿಂತಿತು. ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ, “ಏನ್ರೀ, ಇಲ್ಲಿ ಬನ್ನಿ! ಖಾಲಿ ಪಡಿಗೆ ಲಾಭ ಹಾಕಿದ್ದೀರಂತೆ!” ಎಂದರು.

ಮತ್ತೊಮ್ಮೆ ತಿರುಗಿಸಿದರು. ಈ ಸಲ ಮಾವನವರೇ ಬೀಜ ಕೇಳಿ ಪಡೆದು, ಒಂದೊಂದಾಗಿ ಕುರ್ಚಿಯ ತೋಳಿನ ಮೇಲಿಟ್ಟರು. ನಾಲ್ಕು, ಮತ್ತೆ ಒಂಚೂರು. ಅದು ತಿರುಪ್ಪೂರಿನ ರಸ್ತೆಯಲ್ಲಿ ಓಡುವ ಆಕ್ಸಲ್. ಅದನ್ನು ಹಾಕಿದ್ದರೆ ವ್ಯಾನು ಮೊದಲ ತಿರುವಿನಲ್ಲೇ ಏದುಸಿರು ಬಿಡುತ್ತಿತ್ತು.

ಮಾವನವರು ಬೀಜಗಳನ್ನು ಸ್ವಲ್ಪ ಹೊತ್ತು ನೋಡಿ, “ಹಾಗಾದ್ರೆ ನನ್ನ ಲಾಭ ಎಲ್ಲಿ ಹೋಯ್ತೋ?” ಎಂದು ಮಗನನ್ನು ಕೇಳಿ, ತಾವೇ ಹೊಟ್ಟೆ ಹಿಡಿದು ನಕ್ಕರು.

ಎಣ್ಣೆ ಸೋರುವ ಮೊದಲ ಆಕ್ಸಲ್ಲಿಗೇ ಮೇಸ್ತ್ರಿ ಹೊಸ ಸೀಲು ಹಾಕಿ ಕೂರಿಸಿದ. ಪರೀಕ್ಷೆಯ ದಿನ, “ಸೊಸೆನೂ ಕೂತ್ಕೊಳ್ಳಲಿ, ಲೋಡಿಗೆ ಸೇರಿಸ್ಕೋ,” ಎಂದು ಅತ್ತೆ ನನ್ನನ್ನೂ ಹತ್ತಿಸಿದರು. ಅಕ್ಕಿ ಮೂಟೆ ಹೊತ್ತ ವ್ಯಾನು ಬಸುರಿಯ ಹಾಗೆ ನಿಧಾನವಾಗಿ ಹತ್ತಿತು. ಬಸ್ಸೊಂದು ಹಾರನ್ ಹೊಡೆದು ಮುಂದೆ ಹೋಯಿತು. ಎಲ್ಲೂ ನಿಲ್ಲಲಿಲ್ಲ ನಮ್ಮ ವ್ಯಾನು.

ಆಲೂಗಡ್ಡೆ ತುಂಬಿಕೊಂಡು ಇಳಿಯುವಾಗ ನಾನು ಕಣಿವೆಯ ಕಡೆ ನೋಡದೆ ಯಜಮಾನರ ಬಲಗಾಲನ್ನೇ ನೋಡುತ್ತಿದ್ದೆ. ಅದು ಬ್ರೇಕಿನ ಮೇಲೆ ಅಪರೂಪಕ್ಕೊಮ್ಮೆ ಕೂರುತ್ತಿತ್ತು, ಅಷ್ಟೆ. ಎಂಜಿನ್ನು ಬೆಟ್ಟದ ಬುಡದವರೆಗೂ ಗುರುಗುಟ್ಟಿತು.

“ಈ ಸದ್ದಿಗೆ ತಲೆನೋವು ಬಂತಾ?” ಎಂದು ಕೇಳಿದರು.

“ಇಲ್ಲ, ಚೆನ್ನಾಗಿದೆ,” ಎಂದೆ.

ಮಂಡಿಯವರು ಹಿಂದಿನ ಚಕ್ರದ ಬ್ರೇಕ್ ಡ್ರಮ್ಮನ್ನು ಬೆರಳಿನಿಂದ ಮುಟ್ಟಿ ನೋಡಿದರು. ಸುಡಲಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಅಕ್ಕಿ ಏರಿಸಿಕೊಳ್ಳಿ ಎಂದರು.

ಮನೆಗೆಂದು ತಂದ ಒಂದಷ್ಟು ಆಲೂಗಡ್ಡೆ ಮೂಟೆಗಳನ್ನು ಇಳಿಸುವಾಗ ಮಾವನವರು ಬಾಗಿಲಲ್ಲಿ ನಿಂತಿದ್ದರು. ಮೊದಲನೆಯ ಮೂಟೆ ಯಜಮಾನರ ಬೆನ್ನ ಮೇಲಿತ್ತು. ಮಾವನವರ ತುಟಿ ಅಲುಗಿತು, ಆದರೆ ತಡೆದುಕೊಂಡರು. ಮೂಟೆ ದೊಪ್ಪೆಂದು ನೆಲ ಮುಟ್ಟಿ ಧೂಳೆದ್ದಿತು. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ಗಟ್ಟಿಯಾಗಿ ಹೇಳಿದರು:

“ಲಾಭ!”