ಕಟ್ಟೆಯ ಮೇಲೆ ಕೊಳವೆ ಮೀನು

ಇದು ಶ್ರಾವಣದಲ್ಲಿ ನಡೆದದ್ದು ಎಂದು ನನ್ನ ನೆನಪು ಹೇಳುತ್ತದೆ. ಅದನ್ನು ಪೂರ್ತಿ ನಂಬಲಾರೆ. ಕಾಲೇಜಿನ ಕಾರವಾರ ಪ್ರವಾಸ ಇರುತ್ತಿದ್ದದ್ದು ಚಳಿಗಾಲದಲ್ಲಿ. ಅಲ್ಲಿಂದ ತಂದ ಮೀನನ್ನು ಶ್ರಾವಣದವರೆಗೂ ಗುರುತಿಸದೆ ಇಟ್ಟುಕೊಂಡಿದ್ದೆನೇ? ಇಟ್ಟುಕೊಂಡಿರಬಹುದು, ಒಣಗಿದ ಮೇಲೆ ಅದು ಬೇಗ ಕೆಡುವ ಮೀನಲ್ಲ. ಬೇರೆ ಬೇರೆ ದಿನಗಳ ಮಾತುಗಳನ್ನು ನಾನೇ ಒಂದು ಮಧ್ಯಾಹ್ನಕ್ಕೆ ಸೇರಿಸಿರಲೂಬಹುದು. ಅತ್ತೆ ನಮ್ಮ ಮನೆಯಲ್ಲಿದ್ದಳು, ಅವಳನ್ನು ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಇಷ್ಟು ಮಾತ್ರ ಖಚಿತ.

ಎಪ್ಪತ್ತರ ದಶಕದ ಕೊನೆ. ನಾನು ಬಾಗಲಕೋಟೆಯಲ್ಲಿ ಹುಡುಗಿಯರ ಹಾಸ್ಟೆಲಿನಲ್ಲಿದ್ದು ಪ್ರಾಣಿಶಾಸ್ತ್ರ ಓದುತ್ತಿದ್ದೆ. ರಜೆ ಸಿಕ್ಕಾಗ ಅಮೀನಗಡದ ಮೇಲೆ ಹಾಯ್ದು ಹುನಗುಂದದ ಮನೆಗೆ ಬರುತ್ತಿದ್ದೆ. ಅತ್ತೆ ಎಂದರೆ ಅಪ್ಪನ ತಂಗಿ. ಅವಳನ್ನು ಇಳಕಲ್ಲಿನಲ್ಲಿ ಮಗ್ಗಗಳಿದ್ದ ಮನೆಗೆ ಕೊಟ್ಟಿದ್ದರು. ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ಕರೆತರಬೇಕು, ಹಬ್ಬ ಮುಗಿದ ಮೇಲೆ ಗಂಡನ ಮನೆಯವರು ಬಂದು ಕರೆದೊಯ್ಯಬೇಕು. ಆ ವರ್ಷ ಜೋಕಾಲಿ ಬಿಚ್ಚಿಯಾಯಿತು, ಡಬ್ಬಿಯಲ್ಲಿದ್ದ ಉಂಡಿ ಮುಗಿದವು, ಇಳಕಲ್ಲಿನಿಂದ ಯಾರೂ ಬರಲಿಲ್ಲ. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಅತ್ತೆಗೆ ಮಕ್ಕಳಿರಲಿಲ್ಲ. ಬಾಗಲಕೋಟೆಯ ಡಾಕ್ಟರು ಗಂಡನನ್ನೂ ತಪಾಸಣೆ ಮಾಡಬೇಕು ಎಂದಿದ್ದರು. ಆತ ಹೋಗಿರಲಿಲ್ಲ.

ನನ್ನ ಕಂಪಾಸ್ ಪೆಟ್ಟಿಗೆಯಲ್ಲಿದ್ದದ್ದು ಒಂದು ಕೊಳವೆ ಮೀನು. ಕಾಲೇಜಿನಲ್ಲಿ ಪೈಪ್‌ಫಿಶ್ ಎನ್ನುತ್ತಿದ್ದೆವು. ಬಲೆಗೆ ಸಿಕ್ಕಿದ್ದನ್ನು ತಿನ್ನಲು ಬಾರದೆಂದು ಮೀನುಗಾರರು ಮರಳಿನ ಮೇಲೆ ಎಸೆದಿದ್ದರು. ಗೇಣುದ್ದವೂ ಇರಲಿಲ್ಲ, ಒಣ ಕಡ್ಡಿಯಂತಿತ್ತು. ಮೂತಿ ಸಣ್ಣ ಕೊಳವೆ, ಅದರ ತುದಿಗೆ ಹಲ್ಲಿಲ್ಲದ ಬಾಯಿ. ಮೈತುಂಬ ಎಲುಬಿನ ಉಂಗುರಗಳು. ಜಾತಿ ತಿಳಿಯಬೇಕಾದರೆ ಆ ಉಂಗುರಗಳನ್ನೇ ಎಣಿಸಬೇಕು. ಎದೆಯ ರೆಕ್ಕೆಯ ಬುಡದಿಂದ ಗುದದವರೆಗೆ ಒಂದು ಎಣಿಕೆ, ಅಲ್ಲಿಂದ ಬಾಲದ ತುದಿಯವರೆಗೆ ಇನ್ನೊಂದು. ಮೈಯ ಬದಿಯಲ್ಲಿ ಎದ್ದಿರುವ ಗೆರೆ ಬಾಲದವರೆಗೆ ಒಂದೇ ಸಮನೆ ಹೋಗುತ್ತದೋ, ನಡುವೆ ಕಡಿಯುತ್ತದೋ ಎಂಬುದನ್ನೂ ನೋಡಬೇಕು. ಹತ್ತಿರದ ಜಾತಿಗಳಲ್ಲಿ ಒಂದೆರಡು ಉಂಗುರ ತಪ್ಪಿದರೂ ಮೀನಿನ ಹೆಸರೇ ಬೇರೆಯಾದೀತು.

ಪೆಟ್ಟಿಗೆ ತೆರೆದದ್ದನ್ನು ಅಜ್ಜಿ ನೋಡಿದಳು.

“ಲಿಂಗಾ ಕಟ್ಟಿದ ಮನಿಯಾಗ, ಅದೂ ಶ್ರಾವಣದಾಗ, ಮೀನ ತಂದಿ?”

“ತಿನ್ನಾಕಲ್ಲ ಅಜ್ಜಿ, ಕಲಿಯಾಕ.”

“ಕಲಿಯೋದಿದ್ರ ಹೊರಗ ಕುಂತು ಕಲಿ. ಮತ್ತ ಹೊಸ್ತಲಾ ದಾಟಿತಂದ್ರ ಅದನ್ನೂ ನಿನ್ನೂ ಕೂಡೇ ಒಗೀತೇನಿ.”

ಹೊರಗಿನ ಕಟ್ಟೆಯ ಮೇಲೆ ಪೇಪರು ಹಾಸಿ ಕುಳಿತೆ. ಅತ್ತೆ ಬಂದು ಪಕ್ಕದಲ್ಲಿ ಕೂತಳು. ನಾನು ಮಸೂರದಲ್ಲಿ ನೋಡುವುದು, ಅವಳು ಸೂಜಿಯ ಮೊನೆಯನ್ನು ಒಂದೊಂದೇ ಉಂಗುರದ ಮೇಲೆ ಸರಿಸುವುದು. ನಡುವೆ ರಸ್ತೆಯಲ್ಲಿ ಬಸ್ಸಿನ ಸಪ್ಪಳವಾದರೆ ಅವಳ ಸೂಜಿ ನಿಲ್ಲುತ್ತಿತ್ತು, ನಾವು ಮೊದಲಿನಿಂದ ಎಣಿಸುತ್ತಿದ್ದೆವು.

ಮೀನನ್ನು ಮಗುಚಿದೆ. ಬಾಲದ ಕೆಳಗೆ ಎರಡು ತೆಳು ಮಡಿಕೆಗಳು ನಡುವೆ ಕೂಡಿದ್ದವು.

“ಇದು ಗಂಡು ಅತ್ತಿ. ಹೆಣ್ಣು ತತ್ತಿ ತಂದು ಈ ಚೀಲದಾಗ ಇಡತೈತಿ. ಹೊರೋದೂ ಇವನ, ಹಡಿಯೋದೂ ಇವನ.”

“ಅಂದ್ರ ಉಡೀ ತುಂಬೋದು ಇವಂಗ?” ಎಂದು ಅತ್ತೆ ನಕ್ಕಳು. ಮುತ್ತೈದೆಯರ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕುವುದಕ್ಕೆ ನಮ್ಮಲ್ಲಿ ಉಡಿ ತುಂಬುವುದು ಎನ್ನುತ್ತಾರೆ. ಆಮೇಲೆ ಸೂಜಿಯನ್ನು ಅಲ್ಲೇ ಹಿಡಿದುಕೊಂಡು ಕೇಳಿದಳು, “ಹಂಗಾರ ಮಕ್ಕಳಾಗದಿದ್ರ ತವರಿಗೆ ಯಾರನ್ನ ಕಳಸತಾರ?”

“ಮೀನಿಗೆ ಎಲ್ಲೀ ತವರಮನಿ ಅತ್ತಿ?”

“ಪುಣ್ಯಾ ಮಾಡೇತಿ ಬಿಡು.”

ಅತ್ತೆಯ ಭಾವ, ಅಂದರೆ ಗಂಡನ ಅಣ್ಣ, ಇಳಕಲ್ಲಿನಿಂದ ಬಂದದ್ದು ಅದೇ ದಿನವೆಂದು ನನ್ನ ನೆನಪು. ಕಟ್ಟೆಯ ಮೇಲೆ ಕೂರಲು ಹೋಗಿ ಪೇಪರಿನತ್ತ ನೋಡಿದರು.

“ಏನದು, ಹುಳಾನ?”

“ಮೀನ್ರಿ.”

ಅವರು ಧೋತರ ಎತ್ತಿಕೊಂಡು ಆ ತುದಿಗೆ ಸರಿದರು. ಅತ್ತೆ ಎದ್ದು ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು. ಅಪ್ಪ ಪಾಠ ಮುಗಿಸಿ ಶಾಲೆಯಿಂದ ಬಂದ ಮೇಲೆ ಚಹಾ ಆಯಿತು, ಬೆಳೆಯ ಮಾತಾಯಿತು.

“ಮಾಸ್ತರ, ಅಕೀನ ಕರಕೊಂಡು ಹೋಗಾಕ ಬಂದೇನ್ರಿ. ಮುಂದ ಒಂದ ಮಾತ ಐತಿ. ತಮ್ಮಗ ಇನ್ನೊಂದು ಕನ್ಯಾ ನೋಡೇವಿ. ಇಕಿ ಹಿರೇಕಿ ಆಗಿ ಮನಿಯಾಗ ಇರಲಿ. ಉಣ್ಣಾಕ ಉಡಾಕ ಏನೂ ಕಡಿಮಿ ಮಾಡಂಗಿಲ್ಲ. ಆದ್ರ ಇಕಿ ಹೂಂ ಅನಬೇಕು.”

“ಡಾಕ್ಟರು ಅವರನ್ನೂ ತಪಾಸಣಿ ಮಾಡಬೇಕು ಅಂದಿದ್ರಲ್ರಿ?” ಎಂದೆ. ಎಂದೆ ಅಂತಲೇ ನನ್ನ ನಂಬಿಕೆ.

“ಸಾಲಿ ಚೊಲೋ ಕಲಿಸೀರಿ, ಮಾಸ್ತರ.”

ಅಪ್ಪ ನನ್ನ ಕಡೆ ನೋಡದೆ “ನೀ ಒಳಗ ನಡಿ” ಎಂದರು. ಆಮೇಲೆ ಅತ್ತೆಯ ಭಾವನಿಗೆ ಹೇಳಿದರು, “ಅಕೀನ ಕೇಳ್ರಿ.”

ಯಾರೂ ಕೇಳಲಿಲ್ಲ. ಕೇಳುವ ಮೊದಲೇ ಬಾಗಿಲ ಹಿಂದಿನಿಂದ ಅತ್ತೆ ಅಂದಳು, “ಹೋಗ್ತೇನಿ.”

ಅಜ್ಜಿ ಅಳುತ್ತಲೇ ಅವಳ ಉಡಿ ತುಂಬಿದಳು. ಬಗ್ಗಿ ಸೆರಗೊಡ್ಡಿ ನಿಂತ ಅತ್ತೆಯ ಮುಖ ನನಗೆ ಕಾಣಲಿಲ್ಲ. ಅಪ್ಪ ಅವಳ ಟ್ರಂಕು ಹಿಡಿದು ಬಸ್ ನಿಲ್ದಾಣದವರೆಗೂ ಹೋದರು.

ಕಾಲೇಜಿನಲ್ಲಿ ಅಧ್ಯಾಪಕರು ನಮ್ಮ ಎಣಿಕೆಯಲ್ಲಿ ಎದೆಯ ರೆಕ್ಕೆಯ ಉಂಗುರವೇ ಬಿಟ್ಟುಹೋಗಿದೆ ಎಂದು ತೋರಿಸಿದರು. ಎಣಿಕೆಯ ಶುರು ಅದೇ ಆಗಬೇಕಿತ್ತು. ತಿದ್ದಿ ಬೇರೆ ಹೆಸರು ಬರೆದೆ. ಆ ಹೆಸರು ಈಗ ನೆನಪಿಲ್ಲ.

ಎರಡನೆಯ ಹೆಂಡತಿಗೆ ಇಬ್ಬರು ಹೆಣ್ಣುಮಕ್ಕಳಾದರು. ಕೊರತೆ ಆತನದ್ದೇ ಇರಬೇಕೆಂದು ನಾನು ನಂಬಿದ್ದೆ. ಅದು ನನ್ನ ಬಯಕೆಯಾಗಿತ್ತು, ಶಾಸ್ತ್ರವಲ್ಲ. ಮಕ್ಕಳು ಅತ್ತೆಯನ್ನು ದೊಡ್ಡವ್ವ ಎನ್ನುತ್ತಿದ್ದರು. ಅವರಿಗೆ ನೀರೆರೆಯುವುದು, ತಲೆ ಬಾಚಿ ಹೆಣಲು ಹಾಕುವುದು ಎಲ್ಲ ಅವಳದೇ ಕೆಲಸ.

ಎಂಬತ್ತರ ದಶಕದಲ್ಲಿ ನಾನು ಬಾದಾಮಿಯಲ್ಲಿ ಹೈಸ್ಕೂಲು ಶಿಕ್ಷಕಿಯಾಗಿದ್ದಾಗ ಅತ್ತೆ ಕಿರಿಯ ಹುಡುಗಿಯನ್ನು ಕರೆದುಕೊಂಡು ಒಮ್ಮೆ ಬನಶಂಕರಿಗೆ ಬಂದಿದ್ದಳು. ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತಿದ್ದೆವು, ಹುಡುಗಿ ಅವಳ ತೊಡೆಯ ಮೇಲೆ ಮಲಗಿದ್ದಳು. ಆಗ ಕೇಳಿದೆ. ಅತ್ತೆ ಮಗುವಿನ ಹಣೆಯ ಬೆವರು ಒರೆಸಿದಳು, ಇಳಕಲ್ಲಿನ ಬಸ್ಸಿಗೆ ಇನ್ನೆಷ್ಟು ಹೊತ್ತು ಎಂದಳು. ಅಷ್ಟೊತ್ತಿಗಾಗಲೇ ಅಪ್ಪ ತೀರಿಕೊಂಡಿದ್ದರು, ಅವರನ್ನು ಏನೂ ಕೇಳುವಂತಿರಲಿಲ್ಲ. ಆಮೇಲೆ ಎಷ್ಟೋ ಸಲ ಭೇಟಿಯಾಗಿದ್ದೇವೆ. ನಾನು ಮತ್ತೆ ಕೇಳಿಲ್ಲ, ಅವಳೂ ಹೇಳಿಲ್ಲ. ಕೇಳಿದ್ದು ಇಷ್ಟೇ:

“ಅತ್ತಿ, ಅವತ್ತ ನಮ್ಮನಿಯಾಗ ಯಾರರೆ ಒಬ್ರು ‘ಇಲ್ಲೇ ಇರು’ ಅಂದಿದ್ರ, ನೀ ಇರತಿದ್ದೇನು?”