ತಕ್ಕಡಿಯಕ್ಕನ ಸಹಿ

ಕಾಗದದ ಮೇಲೆ ಆಕೆಯ ಹುದ್ದೆ ‘ಸಹಾಯಕಿ’. ಯಾರಿಗೆ ಸಹಾಯ, ಯಾವುದಕ್ಕೆ ಸಹಾಯ ಎಂಬುದು ಅದನ್ನು ಬರೆದ ಪುಣ್ಯಾತ್ಮರಿಗೂ ಗೊತ್ತಿರಲಿಲ್ಲ. ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷ ಸೂಕ್ಷ್ಮ ತಕ್ಕಡಿಗಳನ್ನು ನೋಡಿಕೊಂಡ ಅವಳನ್ನು ಮೇಲಿನ ಮಹಡಿಯ ವಿಜ್ಞಾನಿಗಳೆಲ್ಲ ತಕ್ಕಡಿಯಕ್ಕ ಎಂದೇ ಕರೆಯುತ್ತಿದ್ದರು. ಅಪ್ಪನದು ತಕ್ಕಡಿ ರಿಪೇರಿಯ ಅಂಗಡಿ. ಜಡೆ ಹೆಣೆದುಕೊಳ್ಳಲು ಬರುವ ಮೊದಲೇ ಮುಳ್ಳನ್ನು ನೇರ ನಿಲ್ಲಿಸಲು ಕಲಿತವಳು. ಅಳತೆಯ ಹಾಳೆಗೆ ಅವಳ ಸಹಿ ಬೀಳದೆ ಆ ಕೋಣೆಯಿಂದ ಒಂದು ಅಂಕಿಯೂ ಹೊರಗೆ ಹೋಗುವಂತಿರಲಿಲ್ಲ.

ಆ ಸಹಿಗಾಗಿ ಒಂದು ದಿನ ಸ್ವಂತ ಮೈದುನನೇ ಬಂದು ನಿಂತ. ಅದೇ ಕಟ್ಟಡದಲ್ಲಿ ಎಂಜಿನಿಯರ್. ಒಂಬತ್ತು ವರ್ಷ ಹೆಣಗಿ ಒಂದು ತಾಮ್ರದ ಪೆಟ್ಟಿಗೆ ಮಾಡಿದ್ದ. ರಾಕೆಟ್ಟು ಹಿಂದಕ್ಕೆ ಬೆಂಕಿ ಉಗುಳಿ ಮುಂದಕ್ಕೆ ಹೋಗುತ್ತದೆ. ಇವನ ಪೆಟ್ಟಿಗೆ ಏನನ್ನೂ ಉಗುಳುವುದಿಲ್ಲ. ವಿದ್ಯುತ್ ಕೊಟ್ಟರೆ ಒಳಗಿನ ಅಲೆಗಳೇ ಅದನ್ನು ತಳ್ಳುತ್ತವಂತೆ, ಇಂಧನದ ಹೊರೆಯಿಲ್ಲದೆ ನಕ್ಷತ್ರಗಳವರೆಗೂ ಹೋಗಬಹುದಂತೆ. ತಕ್ಕಡಿಯ ತೋಳಿಗೆ ಕಟ್ಟಿ ಸ್ವಿಚ್ ಹಾಕಿದರೆ ಮುಳ್ಳು ಒಂದು ಸೊಳ್ಳೆಯ ತೂಕದಷ್ಟು ಮೇಲಕ್ಕೆ ಸರಿಯುತ್ತಿತ್ತು. ಪೆಟ್ಟಿಗೆಯನ್ನು ತಲೆಕೆಳಗು ಮಾಡಿದರೆ ಅಷ್ಟೇ ಕೆಳಕ್ಕೆ. ಇನ್ನೇನು ಸಾಕ್ಷಿ ಬೇಕು?

“ಅತ್ತಿಗೆ, ನಾಳಿದ್ದು ಪೆಟ್ಟಿಗೆ ಪರೀಕ್ಷೆ ಮಾಡೋಕೆ ಸಮಿತಿಯವರು ಬರ್ತಾರೆ. ಇಲ್ಲೊಂದು ಸಹಿ ಹಾಕಿ.”

“ದೋಣೀಲಿ ಕೂತು ದೋಣೀನೇ ತಳ್ಳಿದ್ರೆ ದಡ ಸಿಗುತ್ತೇನಪ್ಪಾ?”

“ಮುಳ್ಳು ಅಲುಗಿದ್ದು ನಿಮ್ಮ ತಕ್ಕಡೀಲೇ ಅಲ್ವಾ? ಸಹಿ ಹಾಕಲ್ಲ ಅಂದ್ರೆ ತಕ್ಕಡಿ ಕೆಟ್ಟಿದೆ ಅಂತ ಬರೆದುಕೊಡಿ.”

ಅತ್ತ ದರಿ, ಇತ್ತ ಪುಲಿ. ಸಹಿ ಹಾಕಿದರೆ ನಂಬದ ಮಾತಿಗೆ ತನ್ನ ಹೆಸರು. ಹಾಕದಿದ್ದರೆ ಮೂವತ್ತೊಂದು ವರ್ಷದ ಕೆಲಸಕ್ಕೇ ಮಸಿ. ಮನೆಯಲ್ಲಿ ಗಂಡ ಮೆಲ್ಲಗೆ ಹೇಳಿದ: “ಹಾಕಿಬಿಡೆ. ತಮ್ಮನ ಒಂಬತ್ತು ವರ್ಷ ಅದರಲ್ಲಿದೆ.” ಅವಳಿಗೆ ಮೈಯೆಲ್ಲ ಉರಿದುಹೋಯಿತು. “ನನ್ನ ವರ್ಷಗಳೇನು ಬೀದೀಲಿ ಬಿದ್ದಿದ್ವಾ?” ಎಂದು ಎದ್ದು ಹೋದಳು.

ಮರುದಿನ ಬೆಳಗ್ಗೆಯಿಂದ ತಕ್ಕಡಿಯ ಮುಂದೆ ಕುಳಿತಳು. ಸ್ವಿಚ್ ಹಾಕಿದೊಡನೆ ಮುಳ್ಳು ಸರಿಯುತ್ತಿರಲಿಲ್ಲ. ಅರ್ಧ ನಿಮಿಷ ಬಿಟ್ಟು, ನಿಧಾನಕ್ಕೆ. ಸ್ವಿಚ್ ತೆಗೆದರೂ ಅಷ್ಟೇ ನಿಧಾನಕ್ಕೆ ಹಿಂದಿರುಗುತ್ತಿತ್ತು. ತಳ್ಳುವವನು ಕೈ ತೆಗೆದ ಮೇಲೂ ತಳ್ಳುತ್ತಲೇ ಇರುತ್ತಾನೆಯೆ? ಪೆಟ್ಟಿಗೆಗೆ ವಿದ್ಯುತ್ ಒಯ್ಯುವ ದಪ್ಪ ತಂತಿಯನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಕಾದ ತಂತಿ ಹಿಗ್ಗುತ್ತದೆ, ಹಿಗ್ಗಿದರೆ ತೋಳನ್ನು ನೂಕುತ್ತದೆ.

ಹಾಗಾದರೆ ಪೆಟ್ಟಿಗೆ ತಿರುಗಿಸಿದಾಗ ಮುಳ್ಳೂ ತಿರುಗಿದ್ದು ಹೇಗೆ? ಮೈದುನನ ತಂಡದವರು ಬಲು ಅಚ್ಚುಕಟ್ಟಿನ ಜನ. ತಂತಿ ಅಡ್ಡಾದಿಡ್ಡಿ ಜೋತುಬೀಳಬಾರದೆಂದು, ಪೆಟ್ಟಿಗೆ ತಲೆಕೆಳಗಾದಾಗಲೆಲ್ಲ ಕೆಳಗಿನಿಂದ ಬರುತ್ತಿದ್ದ ತಂತಿಯನ್ನು ಬಿಚ್ಚಿ ಮೇಲಿನಿಂದ ಕಟ್ಟುತ್ತಿದ್ದರು. ತಂತಿಯ ಜತೆಗೆ ನೂಕುವ ದಿಕ್ಕೂ ಬದಲಾಗುತ್ತಿತ್ತು. ಅಷ್ಟು ಓದಿದವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಸಮಿತಿಯವರು ಬಂದ ದಿನ ಹಾಳೆಯನ್ನು ಅವಳ ಮುಂದಿಟ್ಟರು. “ಸಹಿಗೆ ಮುಂಚೆ ಒಂದೇ ಒಂದು ಸಲ ನಾನು ಹೇಳಿದ ಹಾಗೆ ಮಾಡಿ. ಪೆಟ್ಟಿಗೆ ತಿರುಗಿಸಿ, ತಂತಿ ಮಾತ್ರ ಕೆಳಗೇ ಇರಲಿ” ಎಂದಳು. ಮೈದುನ ಹುಬ್ಬು ಗಂಟಿಕ್ಕಿಕೊಂಡೇ ಹಾಗೆ ಮಾಡಿದ. ಅರ್ಧ ನಿಮಿಷ. ಪೆಟ್ಟಿಗೆ ತಲೆಕೆಳಗಾಗಿದ್ದರೂ ಮುಳ್ಳು ಈ ಸಲ ಮೇಲಕ್ಕೇ ಸರಿಯಿತು.

“ಎತ್ತಿನ ಮುಖ ತಿರುಗಿಸಿದ್ರೂ ಗಾಡಿ ಅದೇ ಕಡೆ ಹೋದ್ರೆ, ಎಳೀತಿರೋದು ಎತ್ತಲ್ಲ” ಎಂದಳು.

ಅಷ್ಟಕ್ಕೇ ಬಿಡಲಿಲ್ಲ. ಚೀಲದಿಂದ ಮನೆಯ ಇಸ್ತ್ರಿ ಪೆಟ್ಟಿಗೆ ತೆಗೆದಳು. ತಾಮ್ರದ ಪೆಟ್ಟಿಗೆಯಿದ್ದ ಜಾಗಕ್ಕೆ ಕಟ್ಟಿ, ಎದುರು ಕಡೆ ತೂಕ ಸರಿಮಾಡಿ, ಅದೇ ತಂತಿಯಲ್ಲಿ ಅಷ್ಟೇ ವಿದ್ಯುತ್ ಹಾಯಿಸಿದಳು. ಮುಳ್ಳು ಮೇಲಕ್ಕೆ ಸರಿಯಿತು, ಅದೇ ಒಂದು ಸೊಳ್ಳೆಯ ತೂಕ.

“ಇಸ್ತ್ರಿ ಪೆಟ್ಟಿಗೇನೂ ಚಂದ್ರಲೋಕಕ್ಕೆ ಹೊರಟಿತಲ್ಲಮ್ಮಾ” ಎಂದರು ಸಮಿತಿಯ ಹಿರಿಯರು. ಕೋಣೆಯೆಲ್ಲ ನಕ್ಕಿತು. ಅವಳು ಮಾತ್ರ ನಗದೆ ಮೈದುನನ ಮುಖ ನೋಡುತ್ತಿದ್ದಳು. ಗೆದ್ದ ಸಂತೋಷ ಎದೆ ತುಂಬಿತ್ತು. ಆದರೂ ಇವನು ತನ್ನ ಕೈಯ ಅನ್ನ ಉಂಡು ಬೆಳೆದವನು.

ಅವನು ತಾನೂ ಆ ತಂತಿಯನ್ನು ಮುಟ್ಟಿ ನೋಡಿದ. ಆಮೇಲೆ ಹಾಳೆ ಎಳೆದುಕೊಂಡು ತನ್ನ ಅಂಕಿಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಸೊನ್ನೆ ಬರೆದ. ಸಮಿತಿಯವರ ಕಡೆ ತಿರುಗಿದ.

“ತಕ್ಕಡಿ ಕೆಟ್ಟಿಲ್ಲ ಸಾರ್. ತಪ್ಪು ನಂದು. ಹಿಡಿದವರು ನಮ್ಮತ್ತಿಗೆ. ಹಾಗಂತಲೇ ಬರ್ಕೊಳ್ಳಿ.”

ಪೆನ್ನನ್ನು ಎರಡೂ ಕೈಯಲ್ಲಿ ಅವಳತ್ತ ಚಾಚಿದ. ಮೂವತ್ತೊಂದು ವರ್ಷದಲ್ಲಿ ಅವಳು ಅಷ್ಟು ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದ್ದು ಅದೇ ಮೊದಲು.