ಏಳನೇ ಮಹಡಿಯ ಆಂತರಿಕ ವಿಷಯ

ಡೊಂಬಿವಲಿಯ ನಮ್ಮ ಕಟ್ಟಡದ ಏಳನೇ ಮಹಡಿಯ ಹರಿಣಾಕ್ಷಿಯಕ್ಕ ಎಂಟು ವರ್ಷಗಳಿಂದ ಹೊರದೇಶದ ಸರ್ವಾಧಿಕಾರಿಗಳಿಗೆ ಕಾಗದ ಬರೆಯುತ್ತಿದ್ದಾರೆ. ಯಾವುದೋ ದೇಶದಲ್ಲಿ ಒಬ್ಬ ಮೇಷ್ಟ್ರನ್ನು ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದರೆ ಸಾಕು, ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ ವಾಶಿಯ ಆಫೀಸಿಗೆ ಹೋಗುವಾಗ ಇವರು ತೊಡೆಯ ಮೇಲೆ ಪ್ಯಾಡ್ ಇಟ್ಟು ಶುರು ಮಾಡುತ್ತಾರೆ. ಸೀಟು ಸಿಗದ ಗೆಳತಿಯರು ನಿಂತಲ್ಲೇ ಸಹಿ ಹಾಕುತ್ತಾರೆ. ಒಮ್ಮೆ ಒಂದು ರಾಯಭಾರ ಕಚೇರಿಯಿಂದ ಉತ್ತರವೂ ಬಂತು: ಇದು ನಮ್ಮ ದೇಶದ ಆಂತರಿಕ ವಿಷಯ, ಹೊರಗಿನವರು ತಲೆ ಹಾಕಬಾರದು. ಅಕ್ಕ ವಾರವಿಡೀ ಕುದಿಯುತ್ತಿದ್ದರು.

ಅದೇ ವಾರ ಅವರ ಮನೆಗೆಲಸದ ಸತ್ಯಮ್ಮ ಕಸಬರಿಗೆ ಕೆಳಗಿಟ್ಟು ಕೂತುಬಿಟ್ಟಳು. ಸಕ್ಕರೆ ಕೇಳಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ಮಂಡಿ ಊದಿತ್ತು. ಕೆಲಸದವರು ಲಿಫ್ಟ್ ಹತ್ತಬಾರದೆಂಬುದು ನಮ್ಮ ಕಟ್ಟಡದ ಸೊಸೈಟಿಯ ಘನವಾದ ಕಾನೂನು. ಇನ್ನು ಮೆಟ್ಟಿಲು ಹತ್ತಿದರೆ ಮಂಡಿ ಕೆಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಹತ್ತದಿದ್ದರೆ ಐದು ಮನೆಯ ಕೆಲಸ ಕೈತಪ್ಪುತ್ತದೆ.

"ಅಕ್ಕಾರ, ಅಷ್ಟು ದೂರದ ದೊರಿಗೋಳಿಗಿ ಬರೀತೀರಿ. ನಮ್ಮ ಸೆಕ್ರೆಟ್ರಿ ಸಾಹೇಬ್ರಿಗಿ ಒಂದು ಚೀಟಿ ಬರೀರಲ್ಲ."

ಸೆಕ್ರೆಟರಿ ಸಾಹೇಬರು ಬೇರೆ ಯಾರೂ ಅಲ್ಲ, ಅಕ್ಕನ ಗಂಡ ಪ್ರೇಮನಾಥರು. ಅಕ್ಕನ ಮುಖ ನೋಡಬೇಕಿತ್ತು! ಸಂಜೆ ಗಂಡನನ್ನು ಕೇಳಿಯೇ ಬಿಟ್ಟರು.

"ಅದು ಸೊಸೈಟಿಯ ಆಂತರಿಕ ವಿಷಯ ಮಾರಾಯ್ತಿ. ನಿನಗೆ ಯಾಕೆ ಅದೆಲ್ಲ?" ಎಂದರು ಅವರು, ಟೀವಿ ನೋಡುತ್ತಲೇ.

ಪಾಪ, ಆ ಮಾತೊಂದು ಆಡಬಾರದಿತ್ತು. ಮರುವಾರದಿಂದ ಸೊಸೈಟಿಯ ಆಫೀಸಿಗೆ ಅಕ್ಕನ ರೈಲಿನ ಗೆಳತಿಯರ ಪೋಸ್ಟ್ ಕಾರ್ಡುಗಳು ಬರತೊಡಗಿದವು. ಕಲ್ಯಾಣದಿಂದ ಮೂರು, ಸಾನಪಾಡಾದಿಂದ ಹನ್ನೊಂದು, ಕಾಮೋಠೆಯಿಂದ ಒಂದು ಕಟ್ಟು! ಎಲ್ಲದರಲ್ಲೂ ಒಂದೇ ಮಾತು: ಸತ್ಯಮ್ಮನವರ ಮಂಡಿಯ ಬಗ್ಗೆ ನಮಗೆ ತೀವ್ರ ಕಳವಳವಿದೆ.

"ಕಾಮೋಠೆಯವರಿಗೆ ನಮ್ಮ ಲಿಫ್ಟಿನ ಉಸಾಬರಿ ಎಂತಕ್ಕೆ?" ಎಂದು ಪ್ರೇಮನಾಥರು ಹಾರಾಡಿದರು. ಅಕ್ಕ ಮನೆಯಲ್ಲಿ ಮೀನಿನ ಮೇಲೆ ನಿರ್ಬಂಧ ಹೇರಿದರು. ಉಡುಪಿಯ ಮನುಷ್ಯ ಹದಿಮೂರು ದಿನ ಸೋರೆಕಾಯಿ ತಿಂದರು. ಹದಿನಾಲ್ಕನೆಯ ದಿನ ಕಮಿಟಿ ಕರೆದು ಆ ಕಾನೂನನ್ನು ತೆಗೆಸಿಹಾಕಿದರು.

ಮರುದಿನ ಸತ್ಯಮ್ಮನನ್ನು ಕರೆತರಲು ಅಕ್ಕ ತಾವೇ ಕೆಳಗಿಳಿದರು, ತಮಾಷೆ ನೋಡಲು ನಾನೂ ಹೋದೆ. ಗೆದ್ದ ಖುಷಿಯ ಜೊತೆಗೆ ನಾಲ್ಕು ಒಳ್ಳೆಯ ಮಾತು ಕೇಳುವ ಆಸೆಯೂ ಅಕ್ಕನಿಗಿತ್ತು. ಲಿಫ್ಟಿನ ಬಾಗಿಲು ಮುಚ್ಚಿತು. ಸತ್ಯಮ್ಮ ಎದುರಿಗೆ ನೋಡಿ ಸೆರಗು ಸರಿಮಾಡಿಕೊಂಡಳು.

"ಇದರಾಗ ಕನ್ನಡಿ ಅದ ಏನ್ರಿ? ಆರು ವರ್ಷ ಆಯ್ತ್ರಿ ಈ ಬಿಲ್ಡಿಂಗಿಗಿ ಬರ್ಲಾಕತ್ತಿ, ಗೊತ್ತೇ ಇರ್ಲಿಲ್ಲ ನೋಡ್ರಿ."

ಆ ಕನ್ನಡಿಯಲ್ಲಿ ಅಕ್ಕ ದಿನಾ ಬೊಟ್ಟು ಸರಿಮಾಡಿಕೊಳ್ಳುತ್ತಿದ್ದರು. ಅಂದು ಏಳನೇ ಮಹಡಿ ಬರುವವರೆಗೂ ಅದರತ್ತ ನೋಡಲು ಅವರಿಗೆ ನಾಚಿಕೆಯಾಯಿತು. ನನಗೂ ಅಷ್ಟೇ.